ಮಾಸ್ತರರ ವಾದ

ಬಲಗಣ್ಣು ಮಂಜಾಗಿದ್ದರಿಂದ ಅರಬ್ಬಿ ಮಾಸ್ತರರು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದರು. ಬಿಳಿಯ ಗಡ್ಡ ಕೆಳಗಿನ ಸಾಲುಗಳನ್ನು ಮರೆಮಾಡುತ್ತಿತ್ತು. ಅಲ್ಲಿಗೆ ಬಂದಾಗ ಎಡಗೈಯಿಂದ ಅದನ್ನು ಎತ್ತಿ ಹಿಡಿದು ಮುಂದುವರಿಯುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಕುವೈತಿನ ಹವಲ್ಲಿಯ ಒಂದೇ ಕಟ್ಟಡದಲ್ಲಿ ನಮ್ಮ ವಾಸ. ಅವರು ಮಂಗಳೂರು ಕಡೆಯ ಬ್ಯಾರಿ. ನಾನು ಗದಗಿನಿಂದ ಬಂದ ಲಿಫ್ಟ್ ರಿಪೇರಿಯವನು. ಶುಕ್ರವಾರ ಅವರು ನಮಾಜು ಮುಗಿಸಿ ಬಂದ ಮೇಲೆ ಸುಲೈಮಾನಿ ಚಹಾದೊಂದಿಗೆ ನಮ್ಮ ಜಗಳ ಆರಂಭ. ಜಗಳವಾದರೂ ಯಾರ ಬಗ್ಗೆ? ಮುನ್ನೂರು ವರ್ಷಗಳ ಹಿಂದೆ ಕುರ್‌ಆನನ್ನು ಲ್ಯಾಟಿನ್ನಿಗೆ ತಂದ ಪಾದ್ರಿಯೊಬ್ಬನ ಬಗ್ಗೆ. ಆತ ಮೂಲ ಅರಬ್ಬಿಯನ್ನೂ ಅಚ್ಚು ಹಾಕಿಸಿ, ಅನುವಾದ ಕೊಟ್ಟು, ಅದರ ಜೊತೆಗೇ ಖಂಡನೆಯನ್ನೂ ಬರೆದಿದ್ದ.

"ಖಂಡಿಸಾಕಂತನ ತರ್ಜುಮೆ ಮಾಡಿದಾಂವ ತಿರುಚದ ಬಿಡ್ತಾನೇನ್ರಿ?" ಎಂಬುದು ನನ್ನ ವಾದ.

ಮಾಸ್ತರರು ಆ ವಾದವನ್ನು ನನಗಿಂತ ಚೆನ್ನಾಗಿ ಹೇಳಿ, ನಾನು ಬಿಟ್ಟ ಪುರಾವೆಯನ್ನೂ ಸೇರಿಸಿ, "ಸರಿ ಉಂಟಾ?" ಎಂದು ಕೇಳಿ, ಆಮೇಲೆಯೇ ಉತ್ತರಿಸುತ್ತಿದ್ದರು. ಆ ಕಾಲದ ಪಂಡಿತರಲ್ಲಿ ಒಳ್ಳೆಯವರು, ಎರಡೂ ಧರ್ಮದಲ್ಲಿ, ಹೀಗೆಯೇ ವಾದಿಸಿದರೆಂಬುದು ಅವರ ನಂಬಿಕೆ.

"ಈಗ ನನ್ನ ವಾದವನ್ನು ನೀವು ಒಮ್ಮೆ ಹೇಳಿ. ನಾನು ಹೌದೆನ್ನುವ ಹಾಗೆ. ಅಷ್ಟು ಸಾಕು."

"ಪಾದ್ರಿ ಭಾಳ ಸಜ್ಜನ ಅಂತೀರಿ."

"ನಾನೆಲ್ಲಿ ಹೇಳಿದೆ ಹಾಗೆ? ನನ್ನ ದೀನನ್ನೇ, ನನ್ನ ಧರ್ಮವನ್ನೇ ಹೊಡೀಲಿಕ್ಕೆ ಹೊರಟವ ಅವ. ನಿಮ್ಮ ಲಿಫ್ಟಾದ್ರೂ ಮೇಲೆ ಕೆಳಗೆ ಹೋಗ್ತದೆ, ನೀವು ನಿಂತಲ್ಲೇ ಮಾರಾಯ್ರೇ."

ನಾನು ಪ್ರತಿ ಸಲವೂ ಬೇಕೆಂದೇ ಕೆಡಿಸಿ ಹೇಳುತ್ತಿದ್ದೆ. ಸರಿಯಾಗಿ ಹೇಳಿದರೆ ಸೋತಂತೆ ಎಂಬ ಹಟ.

ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದಾಗಲೂ ಅವರು ಕೇಳಿದರು: "ಇವತ್ತಾದರೂ ಹೇಳ್ತೀರಾ?"

"ಮೊದಲ ಆರಾಮಾಗ್ರಿ ಮಾಸ್ತರ್ರ, ಆಮ್ಯಾಲೆ ನೋಡೂಣು," ಎಂದೆ. ಅವರು ಮನೆಗೆ ಮರಳಲಿಲ್ಲ.

ಸಾಂತ್ವನ ಹೇಳಲು ಹೋದಾಗ ಅವರ ಮಗ ಕೇಳಿದ: "ಅಂಕಲ್, ಇಷ್ಟು ವರ್ಷ ನೀವಿಬ್ರು ಫೈಟ್ ಮಾಡಿದ್ರಲ್ಲ, ಪಪ್ಪನ ಪಾಯಿಂಟ್ ಏನಿತ್ತು?"

ಹೇಳಿದೆ. ಗ್ರಂಥ ಸುಳ್ಳೆಂದು ಸಾಧಿಸುವುದೇ ಪಾದ್ರಿಯ ಉದ್ದೇಶ. ಆದರೆ ಅರಬ್ಬಿ ಬಲ್ಲವರು ಅನುವಾದದಲ್ಲಿ ತಪ್ಪು ಹಿಡಿದರೆ ಖಂಡನೆಯೇ ಬಿದ್ದುಹೋಗುತ್ತದೆಂಬ ಭಯ ಅವನಿಗಿತ್ತು. ಆದ್ದರಿಂದ ಮುಸ್ಲಿಂ ವ್ಯಾಖ್ಯಾನಕಾರರನ್ನೇ ಓದಿ, ಅವರ ಮಾತನ್ನು ಅವರ ಭಾಷೆಯಲ್ಲಿಯೇ ಉದ್ಧರಿಸಿದ. ಹಗೆತನ ಕಲಿಸಿದ ಆ ಎಚ್ಚರಿಕೆಯನ್ನು ನಂಬಬಹುದು, ಅವನ ತೀರ್ಪನ್ನಲ್ಲ. ನಾನು ಎಲ್ಲಿಯೂ ತಡವರಿಸಲಿಲ್ಲ.

"ಎಷ್ಟು ಕ್ಲಿಯರಾಗಿ ಹೇಳಿದ್ರಿ," ಎಂದ ಹುಡುಗ. "ಪಪ್ಪನ ಹತ್ರಾನೂ ಹೀಗೇ ಹೇಳಿದ್ರಾ?"

"ಹೇಳೀನಪಾ," ಎಂದೆ.

ಯಾರ ಬರಹವನ್ನೂ ಸುಲಭವಾಗಿ ನಂಬದ ನನ್ನನ್ನು, ಅವನು ಮರುಮಾತಿಲ್ಲದೆ ನಂಬಿದ.