ಬಾಸಿಂಗ ಕಟ್ಟಿದ ತಂಗಿ

ಮೊನ್ನೆ ನನ್ನ ತಮ್ಮನ ಮಗಳು ಸುಮಿತ್ರಾ ಹಿಂದವಾಡಿಯಿಂದ ಟಾಂಗಾದಲ್ಲಿ ಕೂಡಿಸಿಕೊಂಡು ನನ್ನನ್ನು ಒಂದು ಕನ್ನಡ ಸಿನಿಮಾಕ್ಕೆ ಕರೆದೊಯ್ದಳು. ಈಚೆಗೆ ನನಗೆ ಕಿವಿ ಮಂದ. ಎಷ್ಟೇ ಬೊಬ್ಬೆ ಹೊಡೆಯುವ ಚಿತ್ರವಾದರೂ ನನ್ನ ಪಾಲಿಗೆ ಮೂಕಚಿತ್ರವೇ. ಹುಡುಗಿ ಕಿವಿಗೆ ಬಾಯಿಟ್ಟು ಕಥೆ ಹೇಳುತ್ತಿದ್ದಳು: "ಅತ್ತಿ, ಆಕಿಗೆ ತಲಿ ಕೆಟ್ಟೈತಿ. ಎಲ್ಲಾರೂ ಬಿಟ್ಟಬಿಡು ಅಂದ್ರೂ ಅಂವ ಬಿಡವಲ್ಲ." ಅವಳ ಉಸಿರು ಕೆನ್ನೆಗೆ ತಾಗಿದ್ದೇ ತಡ, ನಾನು ನಲವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಆಗ ನಿಜವಾದ ಮೂಕಚಿತ್ರಗಳ ಕಾಲ. ಬೆಳಗಾವಿಯ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಸಿನಿಮಾದ ತಂಬು ಹಾಕಿದ್ದರು. ಪರದೆಯ ಮೇಲೆ ನಡುನಡುವೆ ಅಕ್ಷರಗಳು ಬರುತ್ತಿದ್ದವು, ಆದರೆ ಓದಬಲ್ಲವರು ಎಷ್ಟು ಜನ? ಅದಕ್ಕೆಂದೇ ಒಬ್ಬರು ಪರದೆಯ ಪಕ್ಕ ಕೋಲು ಹಿಡಿದು ನಿಂತು, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಕಥೆ ಹೇಳಬೇಕು. ಹಾಗೆ ಹೇಳುತ್ತಿದ್ದವರು ಖಾನಾಪುರದ ಶಿವಲಿಂಗಪ್ಪನವರು. ಆಟಕ್ಕೆ ಮುಂಚೆ ಗಂಟಲಿಗೆಂದು ನಮ್ಮ ಮನೆಗೆ ಬಂದು ಜೀರಿಗೆ ಕಷಾಯ ಕುಡಿಯುತ್ತಿದ್ದರು. ಕಾಸುವವಳು ನಾನು. ಇಪ್ಪತ್ತರ ವಿಧವೆಗೆ ಇನ್ನೇನು ಕೆಲಸ ಹೇಳಿ? ಮದುವೆಯಾದ ಎರಡೇ ತಿಂಗಳಿಗೆ ಜ್ವರದಲ್ಲಿ ತೀರಿಕೊಂಡ ಗಂಡನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಇವರು ಲೋಟ ಹಿಡಿಯುತ್ತಿದ್ದ ರೀತಿ ಮಾತ್ರ ಇವತ್ತಿಗೂ ನೆನಪಿದೆ, ನೋಡಿ.

ಅವರ ಹೆಂಡತಿ ನೀಲವ್ವನಿಗೆ, ಹೆತ್ತ ಕೂಸು ಹೋದಮೇಲೆ, ಬುದ್ಧಿಭ್ರಮಣೆಯಾಗಿತ್ತು. ಮಾತಿಲ್ಲ, ಊಟದ ಪರಿವೆಯಿಲ್ಲ. ತಂಬು ಮುಚ್ಚಿರುತ್ತಿದ್ದ ಸೋಮವಾರ ಇವರು ರೈಲು ಹಿಡಿದು ಖಾನಾಪುರಕ್ಕೆ ಹೋಗಿ, ತಾವೇ ಅವಳ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹೆರಳು ಹಾಕಿ ಬರುತ್ತಿದ್ದರಂತೆ. ಗಂಡಸಾದವನು ಹೆಂಡತಿಯ ತಲೆ ಬಾಚುವುದೆಂದರೆ! ನಮ್ಮ ಓಣಿಯ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಆಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ಆ ಕೈ ನನ್ನ ತಲೆಯನ್ನೂ ಒಮ್ಮೆ ಬಾಚಲಿ ಎಂದು ಆಸೆಪಟ್ಟೆ.

ನಮ್ಮಲ್ಲಿ ವಿಧವೆಗೆ ಉಡಿಕೆ ಮಾಡುವುದುಂಟು. ಹಂದರವಿಲ್ಲ, ವಾಲಗವಿಲ್ಲ, ಗಂಡು ತಂದ ಸೀರೆ ಉಟ್ಟರೆ ಎರಡನೆಯ ಮದುವೆ ಆದಂತೆ. ಒಂದು ದಿನ ಶಿವಲಿಂಗಪ್ಪನವರ ತಾಯಿ ಬಂದು ನನ್ನ ಅಪ್ಪನಿಗೆ ಮಾತು ಕೊಟ್ಟೇಬಿಟ್ಟರು: "ಆ ಹುಚ್ಚೀನ್ನ ತವರಿಗೆ ಕಳಸ್ತೇನ್ರೀ. ನಿಮ್ಮ ಮಗಳು ಬಂದು ನಮ್ಮ ಮನಿ ಬೆಳಗಲಿ." ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರಲ್ಲ, ಆ ವಾರವಿಡೀ ಹುಚ್ಚು ಹಿಡಿದದ್ದು ನನಗೆ. ಕಷಾಯಕ್ಕೆ ಬೆಲ್ಲದ ಬದಲು ಉಪ್ಪು ಹಾಕಿದೆ. ಅವರು ಅದನ್ನೂ ಪೂರ್ತಿ ಕುಡಿದು ಹೋದರು.

ಶನಿವಾರ ಎರಡೂ ಮನೆಯವರು ಸಿನಿಮಾಕ್ಕೆ ಹೋದೆವು. ಯೋಗ ನೋಡಿ, ಅವತ್ತಿನ ಕಥೆ ಹುಚ್ಚು ಹಿಡಿದ ಹೆಂಡತಿಯದೇ. ಪರದೆಯ ಮೇಲೆ ಬಂದದ್ದನ್ನು ಶಿವಲಿಂಗಪ್ಪನವರು ಮರಾಠಿಯಲ್ಲಿ ಇದ್ದಂತೆಯೇ ಓದಿದರು: ಗಂಡ ಅವಳನ್ನು ಬಿಟ್ಟು ಇನ್ನೊಬ್ಬಳನ್ನು ಮದುವೆಯಾದ. ಆಮೇಲೆ ಕನ್ನಡಕ್ಕೆ ಬಂದರು. ಕೋಲನ್ನು ಪರದೆಯಿಂದ ಕೆಳಗಿಳಿಸಿದರು.

"ಎಲ್ಲಾರೂ ಇನ್ನೊಂದ ಮಾಡ್ಕೋ ಅಂದ್ರು. ಅಂವ ಒಲ್ಲೆ ಅಂದ. ಈಗ ಬಂದಾಕಿ ಯಾರು ಅಂದ್ರ, ಅವನ ತಂಗಿ. ಅತ್ತಿಗೀನ್ನ ನೋಡ್ಕೊಳ್ಳಾಕ ಬಂದಾಳ."

ಪರದೆಯ ಮೇಲೋ ಹೊಸ ಹೆಂಡತಿ ಬಾಸಿಂಗ ಕಟ್ಟಿಕೊಂಡು ಹೊಸ್ತಿಲು ದಾಟುತ್ತಿದ್ದಳು! ಬೆಳಗಾವಿಯಲ್ಲಿ ಎರಡೂ ಭಾಷೆ ಬಲ್ಲವರಿಗೇನು ಕೊರತೆ? ಇಡೀ ತಂಬು ಹೋ ಎಂದಿತು. "ಏ ಮಾಸ್ತರ, ಬಾಸಿಂಗ ಕಟ್ಕೊಂಡ ತಂಗಿ ಯಾವ ಊರಾಗ ಬರ್ತಾಳೋ?" ಎಂದು ಒಬ್ಬ ಕೂಗಿದ. ಮಗ ಬಾಯಿ ತಪ್ಪಿದನೆಂದು ಅವರ ತಾಯಿಯೂ ನಕ್ಕರು. ಶಿವಲಿಂಗಪ್ಪನವರು ಮಾತ್ರ ಹೆಂಗಸರ ಕಡೆ, ನಾನು ಕೂತಲ್ಲಿಗೇ ನೋಡುತ್ತಿದ್ದರು. ತಾಯಿಯ ಮಾತು ಮೀರಲಾರದ ಮನುಷ್ಯ, ನನ್ನೊಬ್ಬಳಿಗೆ ಹೇಳಬೇಕಾದದ್ದನ್ನು ಊರಿಗೇ ಹೇಳಿಬಿಟ್ಟಿದ್ದರು.

ಮರುದಿನ ತಾಯಿ ಮಗ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕೂತಿದ್ದಾಗ ನಾನು ಅಪ್ಪನಿಗೆ ಹೇಳಿದೆ: "ನಾ ಒಲ್ಲೆ. ತವರಿಗೆ ಕಳಿಸಿದ್ರೂ ಆಕಿ ತಿರುಗಿ ಬರಾಕಿನ. ಹುಚ್ಚಿ ಇರೂ ಮನಿಗೆ ಯಾರ ಹೋಗ್ತಾರ?" ಮಾತು ಊರೆಲ್ಲ ಹಬ್ಬಿತು. ಆ ತಾಯಿ ಮತ್ತೆಲ್ಲೂ ಹೆಣ್ಣು ಕೇಳುವ ಧೈರ್ಯ ಮಾಡಲಿಲ್ಲ, ನೀಲವ್ವ ಗಂಡನ ಮನೆಯಲ್ಲೇ ಉಳಿದಳು. ಆದರೆ ಶಿವಲಿಂಗಪ್ಪನವರು ಏಳುವಾಗ ನನ್ನತ್ತ ನೋಡಿದ ನೋಟದಲ್ಲಿ ಬಿಡುಗಡೆಯ ಜೊತೆಗೆ ಅಸಹ್ಯವೂ ಇತ್ತು. ನನ್ನ ಸುಳ್ಳನ್ನು ಅವರು ನಂಬಿಬಿಟ್ಟಿದ್ದರು. ಕಷಾಯಕ್ಕೆ ಮತ್ತೆ ಬರಲಿಲ್ಲ. ಮಳೆಗಾಲಕ್ಕೆ ತಂಬೂ ಎದ್ದಿತು. ನಾನು ಓದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದೆ. ಹುಚ್ಚರಿಗೆ ಹೆದರಿ ಆ ಖಾನಾಪುರದ ಸಂಬಂಧ ಬಿಟ್ಟವಳು ಎಂದು ಮನೆಯಲ್ಲಿ ಇವತ್ತಿಗೂ ಮಕ್ಕಳು ಮರಿ ನನ್ನನ್ನು ಕಾಡುತ್ತಾರೆ. ಹೌದು ಹೌದು ಎಂದು ನಗುತ್ತೇನೆ.

ಚಿತ್ರ ಮುಗಿದು ದೀಪ ಹತ್ತಿತು. ಸುಮಿತ್ರಾ ನನ್ನ ಮುಖ ನೋಡಿ ಗಾಬರಿಯಾಗಿ ಮತ್ತೆ ಕಿವಿಗೆ ಬಾಯಿಟ್ಟಳು. "ಅಯ್ಯ ಅತ್ತಿ, ಇಂಥಾ ಕಥಿ ಅಂತ ಗೊತ್ತಿದ್ರ ಕರಕೊಂಡ ಬರ್ತಿದ್ದಿಲ್ರೀ. ಹುಚ್ಚರಂದ್ರ ನಿಮಗ ಅಂಜಿಕಿ ಅಲ್ಲ?"

ಜನರೆಲ್ಲ ಎದ್ದು ಹೋಗುವವರೆಗೆ ಅವಳ ಕೈ ಹಿಡಿದು ಕೂಡಿಸಿಕೊಂಡೆ.

"ಅಂಜಿಕಿ ಎಂದೂ ಇದ್ದಿದ್ದಿಲ್ಲ, ಸುಮಿ," ಎಂದೆ. "ನನಗ ಅಂವ ಬೇಕಾಗಿದ್ದ."