ನಾನು ತಗೊಂಡೆ

ಮೊನ್ನೆ ಹಬ್ಬಕ್ಕೆಂದು ದೀಪ ತಿಕ್ಕಲು ಹಿತ್ತಾಳೆ ಪಾಲಿಶ್ ಡಬ್ಬಿ ತೆರೆದೆ. ಆ ಘಾಟು ವಾಸನೆಗೆ ಕೆಳಮನೆಯ ಅಂಕಲ್ ನೆನಪಾದರು... ಯಡಿಯೂರು ಕೆರೆಯ ಹತ್ತಿರ ನಾವಿದ್ದ ಮೂರು ಮನೆಯ ಕಟ್ಟಡದಲ್ಲಿ ಅವರದು ಕೆಳಗಿನದು, ನನ್ನದು ನಡುವಿನದು. ನೌಕಾಪಡೆಯಿಂದ ನಿವೃತ್ತರಾದ ಒಂಟಿ ಮನುಷ್ಯ. ಭಾನುವಾರ ಬಂತೆಂದರೆ ಬಾಗಿಲಿನ ಚಿಲಕ, ನಲ್ಲಿ, ಎಲ್ಲವನ್ನೂ ತಿಕ್ಕಿ ಫಳಫಳ ಮಾಡುತ್ತಿದ್ದರು.

ಅವರಿಗೆ ಎಲ್ಲರ ಮೇಲೂ ಅನುಮಾನ. ಹಾಲಿನವನ ಮೇಲೆ, ನೀರಿನ ಮೀಟರಿನ ಮೇಲೆ, ನನ್ನ ಮೇಲೂ. ಎಲ್ಲಕ್ಕಿಂತ ಹೆಚ್ಚಾಗಿ, ಮಿತ್ರದೇಶಗಳ ನೌಕಾಪಡೆಗಳು ಸೇರಿ ಸಮುದ್ರ ಕಾಯುತ್ತವೆ ಎಂಬ ಸುದ್ದಿಯ ಮೇಲೆ. ಪೇಪರ್ ಮಡಚಿ ಕೇಳುತ್ತಿದ್ದರು: "ಎಲ್ರೂ ಸೇರಿ ಕಾಯ್ತಾರಂತೆ. ಸರಿ ಕಣಮ್ಮ, ಕರೆ ಬಂದಾಗ ಹೋಗೋದ್ಯಾರು?"

ಹಿಂದೊಮ್ಮೆ ಅಂಥ ಕಾವಲಿನಲ್ಲಿ ಅವರೂ ಇದ್ದರಂತೆ. ಮೂರು ದೇಶದ ಹಡಗುಗಳು. ಮೀನುಗಾರರ ದೋಣಿಯೊಂದು ರೇಡಿಯೊದಲ್ಲಿ ಸಹಾಯ ಕೇಳಿತು. ಬೇರೆ ಹಡಗು ಹೊರಟಿರುತ್ತದೆ ಎಂದು ಮೂರೂ ಹಡಗಿನವರು ಅಂದುಕೊಂಡರು. ಇವರು ಹೋಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಡೀಸೆಲ್ ಕ್ಯಾನು, ಒಂದು ಚಪ್ಪಲಿ, ಅಷ್ಟೇ ತೇಲುತ್ತಿತ್ತಂತೆ.

ಹಡಗಿನಲ್ಲಿ ಕಾವಲು ಬದಲಾಗುವಾಗ, ಬಂದವನು "ನಾನು ತಗೊಂಡೆ" ಎಂದು ಬಾಯಿಬಿಟ್ಟು ಹೇಳುವ ತನಕ ಇದ್ದವನು ಕದಲುವಂತಿಲ್ಲವಂತೆ. ಅಂಕಲ್ ನೀರಿನ ಮೋಟರಿನ ಕೀ ಕೊಡುವಾಗಲೂ ನಮ್ಮಿಂದ ಆ ಮಾತು ಹೇಳಿಸುತ್ತಿದ್ದರು. ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಅವರು ಹಾರ್ಟ್ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ದಿನ, ದಿನಾ ಬೆಳಿಗ್ಗೆ ಬಂದು ವಿಚಾರಿಸುತ್ತೇವೆ ಎಂದು ನಾನೂ ಮೇಲ್ಮನೆಯ ಮೇಡಮ್ಮೂ ಮಾತು ಕೊಟ್ಟೆವು.

"ನಾವೆಲ್ಲ ಇದ್ದೀವಲ್ಲ ಅಂಕಲ್" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಎಲ್ಲ ಬೇಡಮ್ಮ. ನಾಳೆ ಯಾರು ಬರ್ತೀರ, ಅದನ್ನ ಹೇಳು."

ನನಗೆ ಸಿಟ್ಟು ಬಂತು. ಇಷ್ಟು ಮಾಡಿದರೂ ನಂಬಿಕೆ ಇಲ್ಲವಲ್ಲ ಎಂದು ಉತ್ತರ ಕೊಡದೆ ಮೆಟ್ಟಿಲು ಹತ್ತಿದೆ.

ಮರುದಿನ ಬೆಳಿಗ್ಗೆ ಮೇಡಂ ಹೋಗಿರುತ್ತಾರೆ ಎಂದುಕೊಂಡೆ. ಅವರು, ನಾನು ಹೋಗಿರುತ್ತೇನೆ ಎಂದುಕೊಂಡಿದ್ದರು. ಹನ್ನೊಂದು ಗಂಟೆಗೆ ನೋಡಿದರೆ ಹಾಲಿನ ಪ್ಯಾಕೆಟ್ ಇನ್ನೂ ಅವರ ಬಾಗಿಲಲ್ಲೇ ಇತ್ತು. ಅಂಕಲ್ ಬಚ್ಚಲಲ್ಲಿ ಬಿದ್ದಿದ್ದರು. ಒಂದೆರಡು ಗಂಟೆ ಮೊದಲು ಕರೆತಂದಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು.

ದೀಪದ ಕೆಳಗೆ ಹಾಸಿದ್ದ ಪೇಪರಿನಲ್ಲಿ ಮತ್ತೆ ಅದೇ ಸುದ್ದಿ: ಮಿತ್ರದೇಶಗಳು ಸಮುದ್ರ ಕಾಯುವ ಹೊಣೆ ಹಂಚಿಕೊಳ್ಳುತ್ತವಂತೆ. ಫೋಟೊದಲ್ಲಿ ಎಲ್ಲರೂ ಕೈಕುಲುಕಿ ನಗುತ್ತಿದ್ದಾರೆ. ಕರೆ ಬಂದಾಗ ಇವರಲ್ಲಿ ಯಾರು ಹೋಗುತ್ತಾರೆ ಎಂದು ನಾನೂ ಈಗ ಒಬ್ಬೊಬ್ಬರ ಮುಖವನ್ನು ಅನುಮಾನದಿಂದ ನೋಡುತ್ತೇನೆ. ಅಂಕಲ್ ಅವತ್ತು ನನ್ನಿಂದ ಕೇಳಿದ್ದು ಒಂದೇ ಮಾತು. ಅದನ್ನು ನಾನು ಹೇಳಲಿಲ್ಲ.