ಹೊಳೆ ಬದಿಯ ಸೀಟು

ಆಸ್ಪತ್ರೆಗೆ ಒಬ್ಬರೇ ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಜ್ವರ ಬಂದವರ ಜೊತೆ ಒಬ್ಬರು, ಹಲ್ಲು ಕೀಳಿಸಿಕೊಳ್ಳುವವರ ಜೊತೆ ಇಬ್ಬರು ಹೊರಡುತ್ತಾರೆ. ಹೋದವರು ಸುಮ್ಮನೆ ಕೂರುವುದೂ ಇಲ್ಲ. ಏನಾಗುತ್ತಿದೆ ಎಂದು ಡಾಕ್ಟರು ಕೇಳಿದರೆ ಉತ್ತರ ಕೊಡುವುದು ಅವರೇ. ರೋಗಿ ನಾಲಿಗೆ ಚಾಚಿ ತೋರಿಸಿದರೆ ಸಾಕು. ನನ್ನ ಸೊಂಟ ನೋವಿಗೆ ಈಗ ಆರು ವರ್ಷ. ಈ ಆರು ವರ್ಷವೂ ಅದನ್ನು ಡಾಕ್ಟರುಗಳಿಗೆ ವಿವರಿಸಿದ್ದು ನನ್ನ ಗಂಡ.

ಇವರು ಮೀನುಗಾರಿಕೆ ದೋಣಿಗಳ ಎಂಜಿನ್ ರಿಪೇರಿ ಮಾಡುವವರು. ಶಬ್ದ ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲರು. ಹಾಗಾಗಿ ಇವರ ಬಾಯಲ್ಲಿ ನನ್ನ ನೋವೂ ಒಂದು ಎಂಜಿನ್ನೇ. ಬೆಳಿಗ್ಗೆ ಸ್ಟಾರ್ಟಿಂಗ್ ಟ್ರಬಲ್, ಹತ್ತು ಗಂಟೆಯ ಮೇಲೆ ಪರವಾಗಿಲ್ಲ, ಸಂಜೆಗೆ ಲೋಡ್ ತಡೆಯುವುದಿಲ್ಲ. ಕುಂದಾಪುರದ ಎಲುಬಿನ ಡಾಕ್ಟರು ನಗುತ್ತಾ ಅದನ್ನೇ ಬರೆದುಕೊಂಡರು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಪಾಠ ಮಾಡಿ ಮಕ್ಕಳ ವಾಕ್ಯಗಳಿಗೆ ಕೆಂಪು ಗೀಟು ಎಳೆದ ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಇವರು ಸುಮ್ಮನಾಗಿಬಿಟ್ಟರೆ ನಾನೇನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಒಂದು ಮಳೆಗಾಲ ಶಾಲೆಯ ಜಗಲಿಯಲ್ಲಿ ಜಾರಿ ಬಿದ್ದೆ. ನೋವು ಶುರುವಾದದ್ದು ಹಾಗೆ. ಬಿದ್ದ ಪೆಟ್ಟು ತಿಂಗಳಲ್ಲಿ ಮಾಯಿತು, ನೋವು ಮಾತ್ರ ಸೊಂಟದಿಂದ ಎಡಗಾಲಿಗೆ ಇಳಿದು ಅಲ್ಲೇ ಮನೆ ಮಾಡಿತು. ಎಣ್ಣೆ ತಿಕ್ಕಿಸಿದೆವು, ಬೆಲ್ಟು ಕಟ್ಟಿದೆವು, ವ್ಯಾಯಾಮ ಕಲಿತೆವು, ನಾಗನ ಕಲ್ಲಿಗೆ ಹಾಲೆರೆದು ತನು ಹಾಕಿಸಿದೆವು. ಕೊನೆಗೆ ಎರಡನೇ ಸಲ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಇಷ್ಟಕ್ಕೆ ಇಷ್ಟೊಂದು ನೋವು ಬರಬಾರದಲ್ಲ ಎಂದರು. ಅವರು ಹೇಳಿದ್ದು ಮೆತ್ತಗೆಯೇ. ನಾನು ಆ ಫಿಲ್ಮನ್ನೇ ನೋಡುತ್ತಾ ಕೂತೆ. ಅಲ್ಲಿ ಇಲ್ಲದ ನೋವು ಮತ್ತೆಲ್ಲಿದೆ? ನಾನು ಸುಳ್ಳು ಹೇಳುತ್ತಿದ್ದೇನೆಯೇ? ಅಥವಾ ನನಗೆ ಹುಚ್ಚು ಹಿಡಿಯುತ್ತಿದೆಯೇ? ಅಂದಿನಿಂದ ಮನೆಯಲ್ಲಿ ಅಯ್ಯೋ ಎನ್ನುವುದನ್ನೂ ಬಿಟ್ಟೆ.

ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ. ನಮ್ಮ ಮನೆ ಇರುವ ಯಡ್ತರೆಯಿಂದ ಕುಂದಾಪುರಕ್ಕೆ ಹೋಗುವಾಗ ಮರವಂತೆ ಸಿಗುತ್ತದೆ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಜನ ಬಸ್ಸಿನಿಂದಲೇ ಕತ್ತು ಚಾಚಿ ಫೋಟೋ ಹೊಡೆಯುತ್ತಾರೆ. ಸ್ಕ್ಯಾನಿಂಗಿನ ಮರುತಿಂಗಳು ಅಲ್ಲಿ ಕಡಲು ನೋಡುತ್ತಾ ಕೂತಿದ್ದಾಗ, ಇಲ್ಲೇ ಇಳಿದು ಹೋಗಿಬಿಟ್ಟರೆ ನೋವು ನಿಲ್ಲುತ್ತದೆ ಎಂದು ಮನಸ್ಸಿಗೆ ಬಂತು. ಯಾರೋ ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. ಮತ್ತೆ ನಾನು ಕಡಲ ಬದಿಗೆ ಕೂರಲಿಲ್ಲ. ಹೊಳೆ ಬದಿಯ ಸೀಟೇ ಬೇಕು, ಮರವಂತೆ ಬಂದಾಗ ಕಣ್ಣು ಮುಚ್ಚಬೇಕು, ತ್ರಾಸಿ ದಾಟಿದ ಮೇಲೆ ತೆರೆಯಬೇಕು. ಬೆಳಗಿನ ಹೊತ್ತು ಹೊಳೆ ಬದಿಗೆ ಕಣ್ಣು ಕುಕ್ಕುವ ಬಿಸಿಲು. ಒಮ್ಮೆ ಕಂಡಕ್ಟರ್ ಕೇಳಿಯೇ ಬಿಟ್ಟ.

"ಹ್ವಾಯ್ ಟೀಚರೇ, ಬಿಸ್ಲಿಗ್ ಎಂತಕ್ಕೆ ಕೂಕಂಬುದ್? ಆಚಿ ಬದಿ ಸೀಟ್ ಖಾಲಿ ಇತ್ತಲೆ."

ಬಿಸಿಲು ಸೊಂಟಕ್ಕೆ ಒಳ್ಳೆಯದಂತೆ ಎಂದೆ. ಇವರು ಪಕ್ಕದಲ್ಲಿ ಕೂತರು, ಎಂದಿನಂತೆ ನನ್ನ ಸೆರಗಿನ ಮೇಲೆಯೇ. ಇವರದು ಇದೊಂದು ಕೆಟ್ಟ ಅಭ್ಯಾಸ. ಈಚೆಗೆ ಬಸ್ಸಿನಲ್ಲಿ ಯಾವಾಗಲೂ ಸೆರಗಿನ ಮೇಲೆ ಕೂರುತ್ತಾರೆ, ಇಸ್ತ್ರಿ ಮಾಡಿದ ಸೀರೆ ಕುಂದಾಪುರ ಮುಟ್ಟುವಾಗ ಮುದ್ದೆ. ಕಣ್ಣು ಕಾಣುವುದಿಲ್ಲವೇ ಎಂದು ಎಷ್ಟು ಬೈದರೂ ತಿದ್ದಿಕೊಂಡವರಲ್ಲ.

ಮಾತಿನ ಚಿಕಿತ್ಸೆಯ ವಿಷಯ ಎತ್ತಿದ್ದು ಅದೇ ಎಲುಬಿನ ಡಾಕ್ಟರು. ವರ್ಷಗಟ್ಟಲೆ ನೋವು ತಿಂದವರ ಜೊತೆ ಮಾತಾಡಿಯೇ ದಾರಿ ತೋರಿಸುವ ಥೆರಪಿಸ್ಟುಗಳು ಇದ್ದಾರೆ, ಒಬ್ಬರನ್ನು ಹುಡುಕಿಕೊಳ್ಳಿ ಎಂದರು. ಹುಡುಕುವುದೇನು ಸುಲಭವೇ? ಒಬ್ಬರಿಗೆ ಫೋನು ಮಾಡಿದರೆ ಮಕ್ಕಳನ್ನು ಮಾತ್ರ ನೋಡುವುದು ಎಂದರು. ಇನ್ನೊಬ್ಬರು ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಇಂಗ್ಲಿಷ್ ಬಾರದೆಂದಲ್ಲ, ಆದರೆ ಕನ್ನಡದಲ್ಲೇ ಹೇಳಲಾಗದ ನೋವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? ಮೂರನೆಯವರು ಮೊಬೈಲಿನಲ್ಲೇ ಮುಖ ನೋಡಿ ಮಾತಾಡೋಣ, ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿರಿ ಎಂದರು. ನಮ್ಮ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಏನಾಯಿತೆಂದು ಅತ್ತೆ ಬಡಿದು ಕೇಳುತ್ತಾರೆ. ನಾಲ್ಕನೆಯವರು ಕುಂದಾಪುರದಲ್ಲಿದ್ದರು, ನಾನೇ ಬೇಡವೆಂದೆ. ಅಲ್ಲಿ ಯಾವ ಮೆಟ್ಟಿಲು ಹತ್ತಿದರೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಳಿದು ಬರುತ್ತಿರುತ್ತಾನೆ. ಕೊನೆಗೆ ಸಿಕ್ಕಿದವರು ಬ್ರಹ್ಮಾವರದಲ್ಲಿ, ಮೆಡಿಕಲ್ ಶಾಪಿನ ಮೇಲಿನ ಮಾಳಿಗೆಯಲ್ಲಿ, ಶನಿವಾರ ಮಾತ್ರ.

ಮನೆಯಲ್ಲಿ ಏನು ಹೇಳಿ ಹೊರಡುವುದು? ಕಣ್ಣು ತೋರಿಸಲಿಕ್ಕೆ ಎಂದು ಇವರು ಅತ್ತೆಗೆ ಹೇಳಿದರು. ಇದಕ್ಕಿಂತ ದಡ್ಡ ಸುಳ್ಳು ಇನ್ನೊಂದಿಲ್ಲ. ಒಬ್ಬರ ಜೊತೆ ಇನ್ನೊಬ್ಬರು ಹೋಗುವ ನಮ್ಮ ಮನೆಯಲ್ಲಿ, ತಮ್ಮ ಕಣ್ಣೂ ಮಂಜಾಗಿದೆ ಎಂದು ವರ್ಷದಿಂದ ಹೇಳುತ್ತಿದ್ದ ಅತ್ತೆ ಬಿಡುತ್ತಾರೆಯೇ? ಶನಿವಾರ ಬೆಳಿಗ್ಗೆ ಸೀರೆ ಉಟ್ಟು, ಚೀಲ ಹಿಡಿದು, ಜಗಲಿಯಲ್ಲಿ ತಯಾರಾಗಿ ಕೂತಿದ್ದರು. ಇವತ್ತು ಒಬ್ಬರಿಗೇ ಚೀಟಿ ಸಿಕ್ಕಿದ್ದು, ನಿಮ್ಮನ್ನು ಮುಂದಿನ ವಾರ ಎಂದು ಇವರು ನೆಲ ನೋಡಿಕೊಂಡು ಹೇಳಿದರು. ಅತ್ತೆ ಚೀಲ ಕೆಳಗಿಟ್ಟ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಸ್ಸಿನಲ್ಲಿ ಒಂದೇ ಚಿಂತೆ. ನೋವೆಲ್ಲ ತಲೆಯಲ್ಲಿರುವುದು ಎಂದು ಆ ಥೆರಪಿಸ್ಟು ಹೇಳಿದರೆ? ಹಾಗೆಂದು ಚೀಟಿಯಲ್ಲಿ ಬರೆದುಕೊಟ್ಟರೆ? ಇವರೊಬ್ಬರಾದರೂ ನನ್ನನ್ನು ನಂಬಿದ್ದರು, ನಾಳೆಯಿಂದ ಇವರೂ ನಂಬದಿದ್ದರೆ? ಮರವಂತೆಯಲ್ಲಿ ಕಣ್ಣು ಮುಚ್ಚಿದೆ. ಕುಂದಾಪುರದಲ್ಲಿ ಬಸ್ಸು ಬದಲಿಸಿದೆವು. ಕೋಟ, ಸಾಲಿಗ್ರಾಮ ದಾಟಿ ಬ್ರಹ್ಮಾವರದಲ್ಲಿ ಇಳಿದಾಗ ವಾಪಸು ಹೋಗೋಣ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೆಟ್ಟಿಲು ಹದಿನಾಲ್ಕು. ಏಳನೆಯದರಲ್ಲಿ ನಿಂತೆ. ಇವರು ನಾಲ್ಕು ಮೆಟ್ಟಿಲು ಕೆಳಗೆ ಫೈಲು ಹಿಡಿದು ಕಾದರು.

ಥೆರಪಿಸ್ಟು ನನ್ನ ಮಗಳ ಪ್ರಾಯದ ಹೆಂಗಸು, ಕೋಟದ ಕಡೆಯವಳು. ನನ್ನ ವಿದ್ಯಾರ್ಥಿನಿಯಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡೆ. ನಾವು ಕೂತ ಕೂಡಲೇ ಇವರು ಫೈಲು ಬಿಚ್ಚಿ ಬೆಳಗಿನ ಸ್ಟಾರ್ಟಿಂಗ್ ಟ್ರಬಲ್‌ನಿಂದ ಶುರು ಮಾಡಿದರು. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಇನ್ನು ಟೀಚರ್ ಹೇಳಲಿ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದಳು. ಇವರು ನನ್ನ ಮುಖ ನೋಡಿದರು. ಆರು ವರ್ಷದಲ್ಲಿ ಇವರನ್ನು ಯಾರೂ ಹೊರಗೆ ಕೂರಿಸಿರಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ಬಂದು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಹೋದರು.

ಬಾಗಿಲು ಮುಚ್ಚಿತು. ಆಕೆ ಕಾದಳು. ನಾನು ಬಾಯಿ ತೆರೆದೆ, ಬಂದದ್ದು ಇವರದೇ ಮಾತು. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂದೆ. ಆಕೆ ನಗಲಿಲ್ಲ. ನೋವು ಬಂದಾಗ ನಿಮಗೆ ಯಾವುದರ ಹೆದರಿಕೆ ಎಂದು ಕೇಳಿದಳು. ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಎಲ್ಲಿ ನೋವು, ಎಷ್ಟು ನೋವು ಎಂದು ಕೇಳುತ್ತಿದ್ದರು, ಅಷ್ಟೇ. ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ.

"ನಂಗೆ ನಂದೇ ಹೆದ್ರಿಕಿ," ಎಂದೆ. "ಮರವಂತೆಯಗೆ ಕಡಲ್ ಕಂಡ್ರೆ ಇಳ್ದ್ ಹೋಯ್ಬಿಡುವ ಅಂದೇಳಿ ಕಾಣತ್ತ್."

ಈಗ ಆಕೆ ಎದ್ದು ಯಾರನ್ನಾದರೂ ಕರೆಯುತ್ತಾಳೆ, ನನ್ನನ್ನು ಎಲ್ಲಿಗಾದರೂ ಸಾಗಿಸುತ್ತಾರೆ ಎಂದುಕೊಂಡೆ. ಆಕೆ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು. ಎಷ್ಟು ಸಲ ಹಾಗನಿಸಿದೆ, ಎಂದಾದರೂ ಇಳಿದದ್ದುಂಟೇ, ಈಗ ಈ ಹೊತ್ತಿನಲ್ಲಿ ಹಾಗನಿಸುತ್ತಿದೆಯೇ ಎಂದು ಒಂದೊಂದಾಗಿ ಕೇಳಿದಳು. ಮೀನಿನ ಸಾರಿಗೆ ಏನು ಹಾಕುತ್ತೀರಿ ಎಂದು ಕೇಳುವಷ್ಟು ನೇರವಾಗಿ ಕೇಳಿದ್ದರಿಂದ ನಾನೂ ನೇರವಾಗಿ ಹೇಳಿದೆ. ಇಳಿದಿಲ್ಲ, ಈಗ ಅನಿಸುತ್ತಿಲ್ಲ, ಹೊಳೆ ಬದಿಗೆ ಕೂರುತ್ತೇನೆ.

"ಟೀಚರೇ, ಸ್ಕ್ಯಾನಿಂಗಿನಗೆ ಕಾಂತಿಲ್ಲೆ ಅಂದೇಳಿ ನೋವ್ ಸುಳ್ಳಾತಿಲ್ಲೆ," ಎಂದಳು. "ಆರೆ ಈ ಕಡಲಿನ್ ವಿಷ್ಯ ನೀವ್ ಒಬ್ರೇ ಇಟ್ಕಂಬುದ್ ಬ್ಯಾಡ. ಇವತ್ತೇ ಅವ್ರಿಗ್ ಹೇಳಿ."

ಇವರನ್ನು ಒಳಗೆ ಕರೆದು ತಾನೇ ಹೇಳಲೇ ಎಂದೂ ಕೇಳಿದಳು. ಬೇಡ, ನಾನೇ ಹೇಳುತ್ತೇನೆ ಎಂದೆ. ತನ್ನ ನಂಬರು ಬರೆದುಕೊಟ್ಟು, ಹೇಳಲಾಗದಿದ್ದರೆ ಬಸ್ಸಿನಿಂದಲೇ ಫೋನು ಮಾಡಿ ಎಂದಳು. ನಾನೇ ಹೇಳುತ್ತೇನೆ ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು ಎಂದು ಮೆಟ್ಟಿಲಿಳಿಯುವಾಗಲೇ ಅನಿಸಿತು. ಎಂಜಿನ್ ಬಿಚ್ಚಿ ಜೋಡಿಸುವ ಈ ಮನುಷ್ಯ ಇದನ್ನು ಕೇಳಿದರೆ ಒಡೆದುಹೋಗುತ್ತಾರೆ. ಅಥವಾ, ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ಇದೇ ಫಲವೇ ಎಂದುಬಿಡುತ್ತಾರೆ.

ಕುಂದಾಪುರದಲ್ಲಿ ನಮ್ಮೂರ ಕಡೆಗೆ ಹೋಗುವ ಬೈಂದೂರಿನ ಬಸ್ಸು ನಿಂತಿತ್ತು. ಇವರು ಕಿಟಕಿಯಿಂದ ಕರ್ಚೀಫು ಹಾಕಿ ಹೊಳೆ ಬದಿಯ ಸೀಟು ಹಿಡಿದರು. ಏನು ಮಾತಾಡಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಸುಲಭವಾಗುತ್ತಿತ್ತು. ತಲ್ಲೂರಿನಲ್ಲಿ ಹೇಳೋಣ ಎಂದುಕೊಂಡೆ, ಆಗಲಿಲ್ಲ. ಹೆಮ್ಮಾಡಿಯಲ್ಲಿ ಜನ ಹತ್ತಿದರು, ಆಗಲಿಲ್ಲ. ಮುಳ್ಳಿಕಟ್ಟೆಯಲ್ಲಿ ಬಾಟಲಿಯ ನೀರು ಕುಡಿದೆ, ಆಗಲಿಲ್ಲ. ತ್ರಾಸಿ ಬಂತು. ಇನ್ನೊಂದು ನಿಮಿಷಕ್ಕೆ ಕಡಲು. ಕಣ್ಣು ಮುಚ್ಚುವ ಹೊತ್ತು ಅದು. ನಾನು ಮುಚ್ಚಲಿಲ್ಲ. ಹೊಳೆಯನ್ನೇ ನೋಡುತ್ತಾ, ಆ ಕೋಣೆಯೊಳಗೆ ಹೇಳಿದ್ದನ್ನೇ ಇವರಿಗೂ ಹೇಳಿದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಿದೆ.

ಇವರು ಎದುರಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಂಗೊತ್ತಿತ್ತ್," ಎಂದರು. "ಅಲ್ಲಿ ತನ್ಕ ಮಾತಾಡ್ತಾ ಬಪ್ಪವ್ಳ್ ಮರವಂತೆ ಬಂದ್ ಕೂಡ್ಲೆ ಕಣ್ ಮುಚ್ಕಂಡ್ ಗಡಗಡ ನಡುಗ್ತೆ. ಕೇಂಬುಕೆ ನಂಗೆ ಹೆದ್ರಿಕಿ ಆಯ್ತ್. ಅದ್ಕೇ ನಿನ್ ಸೆರಗಿನ್ ಮೇಲೆ ಕೂಕಂತಿದ್ದೆ. ಎದ್ರೆ ಗೊತ್ತಾತ್ತ್ ಅಂದೇಳಿ."

ನನಗೆ ಅಳು ಬಂತು. ಆ ಸೆರಗಿಗಾಗಿ ನಾನು ಬೈದದ್ದೆಷ್ಟು! ಇವರು ಒಂದು ದಿನವೂ ತಿರುಗಿ ಹೇಳಿರಲಿಲ್ಲ. ಆರು ವರ್ಷ ಡಾಕ್ಟರುಗಳೆದುರು ನನ್ನ ಪರವಾಗಿ ಮಾತಾಡಿದ ಮನುಷ್ಯನಿಗೆ ಈ ಒಂದು ಮಾತು ಮಾತ್ರ ಬಾಯಿಗೆ ಬಂದಿರಲಿಲ್ಲ. ಇಬ್ಬರೂ ಅದನ್ನೇ ಹೊತ್ತು, ಒಂದೇ ಸೀಟಿನಲ್ಲಿ, ಎಷ್ಟು ಸಲ ಈ ದಾರಿ ದಾಟಿದ್ದೇವೋ.

ನೋವು ಇವತ್ತಿಗೂ ಇದೆ, ಈ ಸಾಲು ಬರೆಯುವಾಗಲೂ ಎಡಗಾಲು ಹಿಡಿದುಕೊಂಡಿದೆ. ಹೆದರಿಕೆಯೂ ಪೂರ್ತಿ ಹೋಗಿಲ್ಲ. ಶನಿವಾರಗಳಲ್ಲಿ ಬ್ರಹ್ಮಾವರಕ್ಕೆ ಹೋಗುತ್ತೇವೆ, ಅಲ್ಲಿ ನನ್ನ ನೋವನ್ನು ನಾನೇ ಹೇಳುತ್ತೇನೆ. ಅತ್ತೆಯ ಕಣ್ಣಿಗೆ ಆಪರೇಷನ್ ಆಯಿತು. ಬಸ್ಸಿನಲ್ಲಿ ನಾನು ಈಗಲೂ ಹೊಳೆ ಬದಿಗೇ ಕೂರುತ್ತೇನೆ. ಕೂತ ಮೇಲೆ ಸೆರಗಿನ ತುದಿಯನ್ನು ನಾನೇ ಇವರ ಸೀಟಿನ ಮೇಲೆ ಹಾಸುತ್ತೇನೆ, ಇವರು ಅದರ ಮೇಲೆ ಕೂರುತ್ತಾರೆ.